ವಾತಾಪಿಯ ಪತನ ಮತ್ತು ಪುನರುತ್ಥಾನ: ಯುದ್ಧದಿಂದ ಚೇತರಿಸಿಕೊಂಡ ನಾಡಿನ ಸ್ಥಿರತೆ ಹಾಗೂ ಭದ್ರತೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಕ್ರಿ.ಶ. 543ರಿಂದ ಎರಡು ಶತಮಾನಗಳಿಗೂ ಮಿಕ್ಕಿ ವಾತಾಪಿ ಎಂಬ ಹೆಸರಿನಿಂದ ಚಾಲುಕ್ಯರ ರಾಜಧಾನಿಯಾಗಿತ್ತು. ಈ ಅವಧಿಯ ನಡುವೆ, ಸುಮಾರು 642ರಲ್ಲಿ, ಕಾಂಚಿಯ ಪಲ್ಲವರು ಈ ನಗರವನ್ನು ವಶಪಡಿಸಿಕೊಂಡರು. ದಕ್ಷಿಣಾಪಥದ ಅತ್ಯಂತ ಬಲಿಷ್ಠ ಅರಸೊತ್ತಿಗೆಯೊಂದು ಒಂದೇ ಪೆಟ್ಟಿಗೆ ತಲೆಯಿಲ್ಲದ ದೇಹದಂತಾಯಿತು. ಅದು ಮತ್ತೆ ಎದ್ದು ನಿಂತ ಬಗೆ, ಎದುರಿಸಿದ ಅಪಾಯಗಳು ಮತ್ತು ಕೊನೆಗೆ ಕುಸಿದ ರೀತಿ ಇವು ಕರ್ನಾಟಕದ ಚರಿತ್ರೆಯಲ್ಲಿ ವಿಶೇಷ ಅಧ್ಯಯನಕ್ಕೆ ಅರ್ಹವಾದ ವಿಷಯಗಳಾಗಿವೆ.

ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳು ನಮ್ಮ ಪಠ್ಯಪುಸ್ತಕಗಳಲ್ಲಿ ವಿಸ್ತಾರವಾಗಿಯೇ ಬಂದಿವೆ. ಆತನ ಸೋಲಿನ ಅನಂತರದ ಅರ್ಧ ಶತಮಾನಕ್ಕೆ ದೊರೆತಿರುವ ಜಾಗ ಮಾತ್ರ ಕಿರಿದು. ಆದರೆ ಕೋಟೆಯನ್ನು ಮರಳಿ ಪಡೆಯುವುದಕ್ಕೂ ರಾಜ್ಯವನ್ನು ಮರಳಿ ಕಟ್ಟುವುದಕ್ಕೂ ಇರುವ ಅಂತರವನ್ನು ತಿಳಿಯಬಯಸುವವರು ನೋಡಬೇಕಾದದ್ದು ಆ ಅರ್ಧ ಶತಮಾನವನ್ನೇ. ಕೋಟೆ 13 ವರ್ಷಗಳಲ್ಲಿ ಕೈಸೇರಿತು. ನೆಮ್ಮದಿ ಬರಲು ಮತ್ತೂ ನಾಲ್ಕು ದಶಕಗಳು ಬೇಕಾದವು.

ಪತನಕ್ಕೆ ಮುನ್ನ

ಚಾಲುಕ್ಯ ರಾಜ್ಯಕ್ಕೆ ಆಂತರಿಕ ಕಲಹ ಹೊಸದೇನೂ ಆಗಿರಲಿಲ್ಲ. ಒಂದನೆಯ ಕೀರ್ತಿವರ್ಮನ ಮರಣಾನಂತರ ಆತನ ತಮ್ಮ ಮಂಗಳೇಶನು ಅಧಿಕಾರ ವಹಿಸಿಕೊಂಡನು. ಪಟ್ಟವನ್ನು ಅಣ್ಣನ ಮಗನಾದ ಪುಲಕೇಶಿಗೆ ಬಿಟ್ಟುಕೊಡುವ ಬದಲು ತನ್ನ ಮಗನಿಗೆ ದೊರಕಿಸಲು ಆತ ಯತ್ನಿಸಿದಾಗ ಅಂತರ್ಯುದ್ಧ ನಡೆಯಿತು. ಆ ಯತ್ನದಲ್ಲಿ ಮಂಗಳೇಶನು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಜಿನಾಲಯದ ಶಾಸನ ತಿಳಿಸುತ್ತದೆ. ರವಿಕೀರ್ತಿ ರಚಿಸಿದ, 634-35ರ ಈ ಸಂಸ್ಕೃತ ಪ್ರಶಸ್ತಿಯ ಪ್ರಕಾರ, ಗೃಹಕಲಹದ ಕತ್ತಲೆ ಕವಿದ ಕೂಡಲೇ ಆಪ್ಪಾಯಿಕ ಮತ್ತು ಗೋವಿಂದ ಎಂಬವರು ಭೀಮಾ ನದಿಯ ಉತ್ತರದ ಸೀಮೆಯನ್ನು ಆಕ್ರಮಿಸಲು ಬಂದರು. ಒಬ್ಬನನ್ನು ಓಡಿಸಿ, ಇನ್ನೊಬ್ಬನನ್ನು ಮಿತ್ರನನ್ನಾಗಿಸಿಕೊಂಡು ಪುಲಕೇಶಿಯು ತನ್ನ ಸಿಂಹಾಸನವನ್ನು ಭದ್ರಪಡಿಸಿಕೊಂಡನು.

ಅಲ್ಲಿಂದ ಮುಂದೆ ರಾಜ್ಯ ವೇಗವಾಗಿ ಹರಡಿತು. ನರ್ಮದೆಯ ಬಳಿ ಕನೌಜಿನ ಹರ್ಷವರ್ಧನನನ್ನು ತಡೆಯಲಾಯಿತು. ಪೂರ್ವದ ವೆಂಗಿ ಪ್ರದೇಶವನ್ನು ತಮ್ಮನಾದ ಕುಬ್ಜ ವಿಷ್ಣುವರ್ಧನನಿಗೆ ವಹಿಸಲಾಯಿತು. ಕಾಲಕ್ರಮೇಣ ಅದು ಪ್ರತ್ಯೇಕ ಅರಸು ಮನೆತನವಾಯಿತು. ದಕ್ಷಿಣದಲ್ಲಿ ಪಲ್ಲವ ಮಹೇಂದ್ರವರ್ಮನು ಕಾಂಚಿಯ ಕೋಟೆಗೋಡೆಯ ಹಿಂದೆ ಅಡಗುವಂತಾಯಿತೆಂದು ಐಹೊಳೆ ಶಾಸನ ಹೇಳುತ್ತದೆ. ಈ ಅಪಮಾನವೇ ಮುಂದಿನ ನೂರು ವರ್ಷಗಳ ವೈರಕ್ಕೆ ಬೀಜವಾಯಿತು. ಸುಮಾರು 641ರಲ್ಲಿ ಈ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನು ಇಲ್ಲಿನ ಜನ ಉಪಕಾರವನ್ನು ಮರೆಯದವರು, ಅಪಕಾರಕ್ಕೆ ಸೇಡು ತೀರಿಸದೆ ಬಿಡದವರು ಎಂದು ಬರೆದಿಟ್ಟಿದ್ದಾನೆ. ಆತ ಬಂದು ಹೋದ ಸ್ವಲ್ಪ ಕಾಲದಲ್ಲೇ ಅನಾಹುತ ಸಂಭವಿಸಿತು.

642ರ ಆಘಾತ

ಮಹೇಂದ್ರವರ್ಮನ ಮಗ ಒಂದನೆಯ ನರಸಿಂಹವರ್ಮನು ಪರಿಯಲ, ಮಣಿಮಂಗಲ ಮತ್ತು ಶೂರಮಾರ ಎಂಬ ಕಾಳಗಗಳಲ್ಲಿ ಪುಲಕೇಶಿಯನ್ನು ಸೋಲಿಸಿ, ಓಡುವ ಅರಸನ ಬೆನ್ನೇ ತಾಮ್ರಪಟವೆಂಬಂತೆ ಅದರ ಮೇಲೆ ವಿಜಯಾಕ್ಷರಗಳನ್ನು ಬರೆದನೆಂದು ಪಲ್ಲವರ ಕೂರಂ ತಾಮ್ರಪಟ ಬಣ್ಣಿಸುತ್ತದೆ. ಇವುಗಳಲ್ಲಿ ಮಣಿಮಂಗಲವು ಕಾಂಚಿಯ ಸಮೀಪದಲ್ಲಿಯೇ ಇದೆ. ಅಂದರೆ ಚಾಲುಕ್ಯ ಸೈನ್ಯ ತನ್ನ ನೆಲೆಯಿಂದ ಬಹುದೂರ ಸಾಗಿದ್ದಾಗ ಸೋತಿತು. ಬೆನ್ನಟ್ಟಿ ಬಂದ ಪಲ್ಲವರಿಗೆ ರಾಜಧಾನಿಯ ದಾರಿ ತೆರೆದುಕೊಂಡಿತು. ಸಿಂಹಳದ ರಾಜಕುಮಾರ ಮಾನವರ್ಮನು ಪಲ್ಲವರ ಪಕ್ಷದಲ್ಲಿ ಹೋರಾಡಿದ ಸಂಗತಿ ಶ್ರೀಲಂಕೆಯ ಚೂಳವಂಸದಲ್ಲಿದೆ. ವಾತಾಪಿಯನ್ನು ಧ್ವಂಸಗೊಳಿಸಿದ ದಂಡನಾಯಕ ಪರಂಜೋತಿಯು ಮುಂದೆ ಶಿರುತ್ತೊಂಡರ್ ಎಂಬ ಶಿವಭಕ್ತನಾದನೆಂದು 12ನೆಯ ಶತಮಾನದ ತಮಿಳು ಕೃತಿ ಪೆರಿಯ ಪುರಾಣಂ ಹೇಳುತ್ತದೆ.

ನರಸಿಂಹವರ್ಮನು 'ವಾತಾಪಿಕೊಂಡ' ಎಂಬ ಬಿರುದನ್ನು ಧರಿಸಿದನು. ಆತನ 13ನೆಯ ಆಳ್ವಿಕೆಯ ವರ್ಷದ ಶಾಸನವೊಂದು ಬಾದಾಮಿಯ ಬಂಡೆಯ ಮೇಲೆಯೇ ಇದೆ. ಬಹುಭಾಗ ಸವೆದುಹೋಗಿರುವ ಆ ಬರಹವು ಸೋತ ನಗರದ ನಡುವೆ ಗೆದ್ದವನು ಬಿಟ್ಟುಹೋದ ಗುರುತಾಗಿ ಇಂದಿಗೂ ಉಳಿದಿದೆ. ಪುಲಕೇಶಿಯು ರಣರಂಗದಲ್ಲಿ ಮಡಿದನೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಈ ಘಟನೆಯ ಅನಂತರ ಆತನ ಶಾಸನಗಳು ದೊರೆಯುವುದಿಲ್ಲ.

ಅರಸನಿಲ್ಲದ ವರ್ಷಗಳು

642ರಿಂದ 655ರವರೆಗಿನ ಅವಧಿಯನ್ನು ಚಾಲುಕ್ಯ ಚರಿತ್ರೆಯ ಕತ್ತಲ ಕಾಲವೆಂದೇ ಹೇಳಬಹುದು. ಪುಲಕೇಶಿಗೆ ಹಲವು ಮಂದಿ ಗಂಡುಮಕ್ಕಳಿದ್ದರು. ಅವರಲ್ಲಿ ಆದಿತ್ಯವರ್ಮನು ಮಹಾರಾಜಾಧಿರಾಜ, ಪರಮೇಶ್ವರ ಮೊದಲಾದ ಸಾರ್ವಭೌಮ ಬಿರುದುಗಳೊಡನೆ ಕರ್ನೂಲಿನ ತಾಮ್ರಪಟವನ್ನು ಹೊರಡಿಸಿದ್ದಾನೆ. ಇನ್ನೊಬ್ಬ ಮಗ ಚಂದ್ರಾದಿತ್ಯನಿಗೂ ಇಂತಹುದೇ ಬಿರುದು ಇರುವುದು ಆತನ ರಾಣಿ ವಿಜಯಭಟ್ಟಾರಿಕೆಯು ಕೊಂಕಣದ ನೇರೂರಿನಲ್ಲಿ ನೀಡಿದ ದಾನಶಾಸನದಿಂದ ತಿಳಿಯುತ್ತದೆ. ಇವರು ಯಾವ ಕ್ರಮದಲ್ಲಿ, ಎಷ್ಟು ಪ್ರದೇಶವನ್ನು ಆಳಿದರೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಒಂದು ಸಂಗತಿ ಸ್ಪಷ್ಟ: ರಾಜಧಾನಿ ಕೈತಪ್ಪಿದ ಮೇಲೆ ಸಾರ್ವಭೌಮ ಬಿರುದನ್ನು ಧರಿಸಿದವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು.

ಶತ್ರುವಿನ ಸೈನ್ಯಕ್ಕಿಂತ ಇದೇ ದೊಡ್ಡ ಅಪಾಯವಾಗಿತ್ತು. ಯಾರ ಆಜ್ಞೆಯನ್ನು ಪಾಲಿಸಬೇಕು, ಯಾರಿಗೆ ಕಪ್ಪಕಾಣಿಕೆ ಸಲ್ಲಿಸಬೇಕು, ಹಿಂದಿನ ಅರಸ ಕೊಟ್ಟ ಭೂಮಿಯ ಒಡೆತನವನ್ನು ಯಾರು ಮಾನ್ಯ ಮಾಡುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಾಗ ಸಾಮಂತರು ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳುವುದು ಸಹಜ.

ಮರುಸ್ಥಾಪನೆಯ ಕ್ರಮ

ಈ ಗೊಂದಲದಿಂದ ರಾಜ್ಯವನ್ನು ಮೇಲೆತ್ತಿದವನು ಪುಲಕೇಶಿಯ ಇನ್ನೊಬ್ಬ ಮಗ ಒಂದನೆಯ ವಿಕ್ರಮಾದಿತ್ಯ. ಚಿತ್ರಕಂಠವೆಂಬ ಕುದುರೆಯನ್ನೇರಿ, ಖಡ್ಗವೊಂದನ್ನೇ ನೆಚ್ಚಿ, ಮೂವರು ಅರಸರಿಂದ ಮರೆಯಾಗಿದ್ದ ತಂದೆಯ ರಾಜ್ಯಲಕ್ಷ್ಮಿಯನ್ನು ಆತ ಮರಳಿ ಪಡೆದನೆಂದು ಅವನ ತಾಮ್ರಪಟಗಳು ಸಾರುತ್ತವೆ. 654-55ರಲ್ಲಿ ಆತನ ಆಳ್ವಿಕೆ ಆರಂಭವಾಯಿತು.

ಶಾಸನಗಳ ವೀರವರ್ಣನೆಯನ್ನು ಬದಿಗಿರಿಸಿ ನೋಡಿದರೆ ಆತ ಕೈಗೊಂಡ ಆಡಳಿತ ಕ್ರಮಗಳು ಕಾಣಿಸುತ್ತವೆ. ಮೊದಲನೆಯದು, ಪಟ್ಟದ ಹಕ್ಕನ್ನು ಒಂದೇ ಎಳೆಗೆ ತಂದದ್ದು. ತನ್ನ ಶಾಸನಗಳ ವಂಶಾವಳಿಯಲ್ಲಿ ಆತ ತಂದೆಯ ಅನಂತರ ತನ್ನ ಹೆಸರನ್ನೇ ಹೇಳಿಕೊಂಡಿದ್ದಾನೆ. ಆದಿತ್ಯವರ್ಮ, ಚಂದ್ರಾದಿತ್ಯರ ಹೆಸರುಗಳಿಗೆ ಅಲ್ಲಿ ಸ್ಥಾನವಿಲ್ಲ. ಆದರೆ ಚಂದ್ರಾದಿತ್ಯನ ರಾಣಿ ವಿಕ್ರಮಾದಿತ್ಯನ ಕಾಲದಲ್ಲಿಯೂ ಕೊಂಕಣದಲ್ಲಿ ದಾನ ನೀಡುವಷ್ಟು ಅಧಿಕಾರ ಹೊಂದಿದ್ದಳೆಂಬುದು ಗಮನಾರ್ಹ. ಸೋದರನ ಹೆಸರು ವಂಶಾವಳಿಯಿಂದ ಮರೆಯಾದರೂ ಆತನ ಕುಟುಂಬ ಸ್ಥಾನಮಾನವನ್ನು ಕಳೆದುಕೊಳ್ಳಲಿಲ್ಲ.

ಎರಡನೆಯದು, ಅಧಿಕಾರದ ಹಂಚಿಕೆ. ಇನ್ನೊಬ್ಬ ಸೋದರ ಧರಾಶ್ರಯ ಜಯಸಿಂಹನಿಗೆ ಇಂದಿನ ದಕ್ಷಿಣ ಗುಜರಾತಿನ ಲಾಟ ಪ್ರಾಂತವನ್ನು ವಹಿಸಲಾಯಿತು. ಆತನ ಮಗ ಶ್ರ್ಯಾಶ್ರಯ ಶೀಲಾದಿತ್ಯನ 671ರ ನವಸಾರಿ ತಾಮ್ರಪಟ ಈ ಶಾಖೆಯ ಆಡಳಿತಕ್ಕೆ ಸಾಕ್ಷಿಯಾಗಿದೆ. ಪಟ್ಟದ ಹಕ್ಕುದಾರನಾಗಬಹುದಾಗಿದ್ದವನು ಗಡಿಯ ಕಾವಲುಗಾರನಾದನು.

ಮೂರನೆಯದು ಮತ್ತು ಬಹುಶಃ ಅತ್ಯಂತ ಮುಖ್ಯವಾದದ್ದು, ಕಳೆದುಹೋದ ದತ್ತಿಗಳ ಪುನರೂರ್ಜಿತ. ಮೂರು ಅರಸುಗಳ ಕಾಲದಲ್ಲಿ ನಷ್ಟವಾಗಿದ್ದ ದೇವರ ಮತ್ತು ಬ್ರಾಹ್ಮಣರ ಭೂಮಿಗಳನ್ನು ವಿಕ್ರಮಾದಿತ್ಯನು ಸ್ವತಃ ಆಜ್ಞೆಯಿತ್ತು ಮತ್ತೆ ನೆಲೆಗೊಳಿಸಿದನೆಂದು ಶಾಸನಗಳು ಹೇಳುತ್ತವೆ. ಹಳೆಯ ಅರಸ ಕೊಟ್ಟ ಮಾತನ್ನು ಹೊಸ ಅರಸ ನಡೆಸಿಕೊಡುತ್ತಾನೆಂಬ ಭರವಸೆಯೇ ಅಂದಿನ ರಾಜ್ಯದ ಬೆನ್ನೆಲುಬು. ಈ ಕ್ರಮದಿಂದ ಲಾಭ ಪಡೆದವರು ದತ್ತಿಯುಳ್ಳ ವರ್ಗದವರು. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ರೈತ, ನೇಕಾರ, ಕುಶಲಕರ್ಮಿಗಳ ಪಾಡನ್ನು ತಾಮ್ರಪಟಗಳು ದಾಖಲಿಸಿಲ್ಲವೆಂಬುದನ್ನೂ ಇಲ್ಲಿ ನೆನಪಿಡಬೇಕು.

ಸೇಡಿನ ದಾರಿ

ರಾಜ್ಯ ಒಂದಾದ ಬಳಿಕ ವಿಕ್ರಮಾದಿತ್ಯನ ದೃಷ್ಟಿ ದಕ್ಷಿಣಕ್ಕೆ ಹೊರಳಿತು. ನರಸಿಂಹನ ಕೀರ್ತಿಯನ್ನು ಅಳಿಸಿ, ಮಹೇಂದ್ರನ ಪ್ರತಾಪವನ್ನು ಕರಗಿಸಿ, ಈಶ್ವರನನ್ನು ನೀತಿಯಿಂದ ಗೆದ್ದು ಕಾಂಚಿಯನ್ನು ವಶಪಡಿಸಿಕೊಂಡನೆಂದು 674ರ ಗದ್ವಾಲ ತಾಮ್ರಪಟ ತಿಳಿಸುತ್ತದೆ. ಇಲ್ಲಿ ಹೆಸರಿಸಿರುವವರು ಪಲ್ಲವರ ಮೂರು ತಲೆಮಾರಿನ ದೊರೆಗಳು. ಈ ಶಾಸನ ಹೊರಟದ್ದು ವಾತಾಪಿಯಿಂದಲ್ಲ, ಕಾವೇರಿಯ ದಕ್ಷಿಣ ದಡದ ಉರಗಪುರದಲ್ಲಿದ್ದ ಸೇನಾಶಿಬಿರದಿಂದ. ಇಂದಿನ ತಿರುಚಿರಾಪಳ್ಳಿಯ ಭಾಗವಾದ ಉರೈಯೂರೇ ಈ ಉರಗಪುರವೆಂದು ಗುರುತಿಸಲಾಗಿದೆ.

ಆದರೆ ಮೂವತ್ತು ವರ್ಷಗಳ ಹಿಂದೆ ತಂದೆ ಮಾಡಿದಂತೆ ಮಗನೂ ನೆಲೆಯಿಂದ ಬಹುದೂರ ಬಂದಿದ್ದನು. ಪೆರುವಳನಲ್ಲೂರಿನ ಕಾಳಗದಲ್ಲಿ ಪಲ್ಲವ ಒಂದನೆಯ ಪರಮೇಶ್ವರವರ್ಮನು ಅವನನ್ನು ಹಿಮ್ಮೆಟ್ಟಿಸಿದನು. ಹರಕು ಬಟ್ಟೆಯೊಂದನ್ನೇ ಹೊದ್ದು ವಿಕ್ರಮಾದಿತ್ಯನು ಓಡಿಹೋದನೆಂದು ಕೂರಂ ತಾಮ್ರಪಟ ಹಂಗಿಸುತ್ತದೆ. ಎರಡೂ ಪಕ್ಷಗಳು ತಮ್ಮ ಗೆಲುವನ್ನಷ್ಟೇ ಬರೆಸಿಕೊಂಡಿವೆ. ಎರಡನ್ನೂ ಕೂಡಿಸಿ ಓದಿದರೆ ಕಾಣುವುದಿಷ್ಟೇ: ಕಾಂಚಿ ಕೈಗೆ ಬಂದು ಜಾರಿತು, ಗಡಿ ಹೆಚ್ಚೇನೂ ಬದಲಾಗಲಿಲ್ಲ. ಪುಣ್ಯವೆಂದರೆ ಈ ಬಾರಿ ವಾತಾಪಿ ಬೀಳಲಿಲ್ಲ.

ವಿನಯಾದಿತ್ಯನ ಕಾಲ ಮತ್ತು 696ರ ಅರಾಜಕತೆ

ವಿಕ್ರಮಾದಿತ್ಯನ ಮಗ ವಿನಯಾದಿತ್ಯನು 681ರಿಂದ 696ರವರೆಗೆ ಆಳಿದನು. ಸಾಮಂತರನ್ನು ಹತ್ತಿರ ಇರಿಸಿಕೊಳ್ಳುವ ನೀತಿ ಈತನ ಕಾಲದಲ್ಲಿ ಎದ್ದು ಕಾಣುತ್ತದೆ. 692ರ ಸೊರಬ ಮತ್ತು 694ರ ಹರಿಹರ ತಾಮ್ರಪಟಗಳಲ್ಲಿ ದಾನ ನೀಡಿದ್ದು ಆಳುಪ ಅರಸನ ವಿಜ್ಞಾಪನೆಯ ಮೇರೆಗೆ. ಆಳುಪರು ಮತ್ತು ಗಂಗರಂತಹ ಹಳೆಯ ಮನೆತನಗಳಿಗೆ ಅರಸನ ಸನ್ನಿಧಿಯಲ್ಲಿ ಮಾತಿನ ಬೆಲೆಯಿತ್ತು ಎಂಬುದಕ್ಕೆ ಇವು ನಿದರ್ಶನಗಳು.

ಹೀಗಿದ್ದರೂ ಸ್ಥಿರತೆ ಇನ್ನೂ ತೆಳುವಾಗಿಯೇ ಇತ್ತು. ಯುವರಾಜ ವಿಜಯಾದಿತ್ಯನು ಉತ್ತರದ ದಂಡಯಾತ್ರೆಯಲ್ಲಿದ್ದಾಗ ಪಲಾಯನ ಮಾಡುತ್ತಿದ್ದ ಶತ್ರುಗಳು ಆತನನ್ನು ಸೆರೆಹಿಡಿದು ಒಯ್ದರು. ಆ ಸಮಯದಲ್ಲಿ ನಾಡಿನಲ್ಲಿ ಕ್ಷೋಭೆ ಉಂಟಾಯಿತು. ಆತ ಕಥೆಯ ವತ್ಸರಾಜನಂತೆ ಯುಕ್ತಿಯಿಂದ ಬಿಡಿಸಿಕೊಂಡು ಬಂದು ಅದನ್ನು ಅಡಗಿಸಿದನೆಂದು ಚಾಲುಕ್ಯರ ಶಾಸನಗಳೇ ಒಪ್ಪಿಕೊಳ್ಳುತ್ತವೆ. 'ಅರಾಜಕ' ಎಂಬ ಪದವೇ ಅಲ್ಲಿ ಬಳಕೆಯಾಗಿದೆ. ಹೊಗಳಿಕೆಯೇ ತುಂಬಿರುವ ರಾಜಶಾಸನದಲ್ಲಿ ಇಂತಹ ಮಾತು ಅಪರೂಪ. ವಾತಾಪಿಯನ್ನು ಮರಳಿ ಪಡೆದು ನಲವತ್ತು ವರ್ಷಗಳಾಗಿದ್ದರೂ ಉತ್ತರಾಧಿಕಾರಿಯೊಬ್ಬ ಕಣ್ಮರೆಯಾದೊಡನೆ ನಾಡು ಕದಡುತ್ತಿತ್ತು ಎಂಬುದನ್ನು ಇದು ತಿಳಿಸುತ್ತದೆ.

ಶಾಂತಿಯ ಮೂರೂವರೆ ದಶಕ

ಸೆರೆಯಿಂದ ಮರಳಿದ ಆ ವಿಜಯಾದಿತ್ಯನೇ 696ರಿಂದ 733ರವರೆಗೆ, ಚಾಲುಕ್ಯರಲ್ಲಿಯೇ ಅತ್ಯಂತ ದೀರ್ಘ ಕಾಲ ಆಳಿದನು. ಆತನ ತಾಯಿ ವಿನಯವತಿಯು 699ರಲ್ಲಿ ವಾತಾಪಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದಳು. ಬಾದಾಮಿ ಊರಿನೊಳಗಿನ ಜಂಬುಲಿಂಗೇಶ್ವರ ದೇವಾಲಯದ ಶಾಸನ ಇದನ್ನು ದಾಖಲಿಸಿದೆ. ಒಂದು ಕಾಲಕ್ಕೆ ಶತ್ರುವಿನ ಪಾಲಾಗಿದ್ದ ನಗರದಲ್ಲಿ ರಾಜಮಾತೆಯು ಮೂರು ದೇವರಿಗೆ ಗುಡಿ ಕಟ್ಟಿಸುವಷ್ಟು ನೆಮ್ಮದಿ ನೆಲೆಸಿತ್ತು. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯನು ಕಟ್ಟಿಸಿದ ವಿಜಯೇಶ್ವರ ದೇವಾಲಯವು ಇಂದು ಸಂಗಮೇಶ್ವರ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ದೇವಾಲಯಗಳಿಗಿಂತಲೂ ಮಹತ್ವದ ದಾಖಲೆಯೊಂದು ಇದೇ ಕಾಲದ್ದು. ಅದು ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಂದರೆ ಅಂದಿನ ಪುರಿಗೆರೆಯ ಶಾಸನ. ಯುವರಾಜನಾಗಿದ್ದ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯನ್ನು ನೀಡಿದನು. ರಾಜಪುರುಷರು ಪಟ್ಟಣಿಗರೊಡನೆ ಹೇಗೆ ನಡೆದುಕೊಳ್ಳಬೇಕು, ಮನೆಗಳ ಅನುಕೂಲಸ್ಥಿತಿಗೆ ತಕ್ಕಂತೆ ಎಷ್ಟು ತೆರಿಗೆ ಸಲ್ಲಬೇಕು, ಅಪರಾಧಗಳ ದಂಡ ಯಾರಿಗೆ ಸೇರಬೇಕು ಎಂಬ ಸಂಗತಿಗಳನ್ನು ಅದು ಗೊತ್ತುಪಡಿಸುತ್ತದೆ. ಪ್ರಜೆಗಳ ಕರ್ತವ್ಯದೊಂದಿಗೆ ಅಧಿಕಾರಿಗಳ ಮಿತಿಯನ್ನೂ ಕಲ್ಲಿನಲ್ಲಿ ಕೊರೆಸಿದ ಈ ಶಾಸನವನ್ನು ಸ್ಥಿರತೆಯ ನಿಜವಾದ ಗುರುತೆನ್ನಬಹುದು.

ಕಾಂಚಿಯಲ್ಲಿ ಕನ್ನಡ ಶಾಸನ

733ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವ ನಂದಿವರ್ಮನನ್ನು ಸೋಲಿಸಿ ಕಾಂಚಿಯನ್ನು ಪ್ರವೇಶಿಸಿದನು. ನೂರು ವರ್ಷಗಳ ವೈರವನ್ನು ನೆನೆದರೆ ಆ ನಗರಕ್ಕೆ ವಾತಾಪಿಯ ಗತಿಯೇ ಬರಬಹುದಾಗಿತ್ತು. ಆದರೆ ಆತ ನಗರವನ್ನು ನಾಶಮಾಡಲಿಲ್ಲ. ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನು. ಈ ಸಂಗತಿಯನ್ನು ತಿಳಿಸುವ ಕನ್ನಡ ಶಾಸನ ಆ ದೇವಾಲಯದ ಕಂಬದ ಮೇಲೆ ಈಗಲೂ ಇದೆ. ಆತನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿಯರು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯಗಳೇ ಇಂದಿನ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ. ಕಾಂಚಿಯನ್ನು ಮೂರು ಬಾರಿ ಗೆದ್ದ ನೆನಪು ವಿರೂಪಾಕ್ಷ ದೇವಾಲಯದ ಶಾಸನದಲ್ಲಿದೆ.

ಇದೇ ಕಾಲದಲ್ಲಿ ವಾಯವ್ಯದಿಂದ ಬಂದ ಅರಬ್ ಸೈನ್ಯವನ್ನು ಗುಜರಾತಿನ ಶಾಖೆಯ ಅವನಿಜನಾಶ್ರಯ ಪುಲಕೇಶಿಯು ಹಿಮ್ಮೆಟ್ಟಿಸಿದನೆಂದು 739ರ ನವಸಾರಿ ತಾಮ್ರಪಟ ತಿಳಿಸುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ಮಾಡಿದ ಅಧಿಕಾರದ ಹಂಚಿಕೆ ಗಡಿಯನ್ನು ಕಾಯ್ದಿತ್ತು.

ಅನಿರೀಕ್ಷಿತ ದಿಕ್ಕಿನ ಅಪಾಯ

ಇಷ್ಟಾದರೂ ರಾಜ್ಯ ಮುಂದೆ ಹೆಚ್ಚು ಕಾಲ ಬಾಳಲಿಲ್ಲ. ಇಮ್ಮಡಿ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅಪಾಯ ಬಂದದ್ದು ಕಾಂಚಿಯಿಂದಲ್ಲ, ಚಾಲುಕ್ಯರ ಅಧೀನದಲ್ಲೇ ಬೆಳೆದ ರಾಷ್ಟ್ರಕೂಟ ದಂತಿದುರ್ಗನಿಂದ. ಕೆಲವೇ ಸೈನಿಕರೊಂದಿಗೆ ಅಪಾರವಾದ ಕರ್ಣಾಟ ಬಲವನ್ನು ಗೆದ್ದುದಾಗಿ 753-54ರ ಸಾಮನಗಡ ತಾಮ್ರಪಟದಲ್ಲಿ ಆತ ಹೇಳಿಕೊಂಡಿದ್ದಾನೆ. ಕಾಂಚಿಯ ದೊರೆ, ಹರ್ಷ ಮೊದಲಾದವರನ್ನು ಸೋಲಿಸಿದ ಸೈನ್ಯವದು ಎಂದು ಅಲ್ಲಿಯೇ ಬಣ್ಣನೆಯಿದೆ. ಕೀರ್ತಿವರ್ಮನ 757ರ ವಕ್ಕಲೇರಿ ತಾಮ್ರಪಟ ಹೊರಟದ್ದು ಭೀಮಾ ನದಿಯ ಉತ್ತರ ದಡದ ಶಿಬಿರದಿಂದ. ಅನಂತರ ಈ ಶಾಖೆಯ ಆಳ್ವಿಕೆ ಕಾಣುವುದಿಲ್ಲ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಕೊನೆಗಾಣಿಸುವವರೆಗೆ ಚಾಲುಕ್ಯರ ಹೆಸರು ಸಾರ್ವಭೌಮ ಪಟ್ಟಕ್ಕೆ ಮರಳಲಿಲ್ಲ.

ಕಾರಣಗಳು ಹಲವಿರಬಹುದು. ಮೂರು ತಲೆಮಾರುಗಳ ಪ್ರಮುಖ ದಂಡಯಾತ್ರೆಗಳು ದಕ್ಷಿಣದ ಹಳೆಯ ವೈರಿಯನ್ನೇ ಗುರಿಯಾಗಿಸಿಕೊಂಡಿದ್ದವು. ಅದೇ ಹೊತ್ತಿಗೆ ಉತ್ತರದಲ್ಲಿ ಸಾಮಂತರ ಬಲ ಬೆಳೆಯಿತು. ಪ್ರಾಂತಗಳನ್ನು ಹಂಚಿಕೊಟ್ಟು ರಾಜ್ಯವನ್ನು ಉಳಿಸಿಕೊಂಡ ಪದ್ಧತಿಯೇ, ಮೇಲಿನ ಕೈ ಸಡಿಲವಾದಾಗ, ಬಲಿಷ್ಠ ಸಾಮಂತನಿಗೆ ದಾರಿ ಮಾಡಿಕೊಟ್ಟಿತು.

ಇಂದಿನ ಓದುಗರಿಗೆ

ಯುದ್ಧದಿಂದ ಹೊರಬಂದ ಇಂದಿನ ದೇಶಗಳ ಮುಂದೆಯೂ ಇವೇ ಪ್ರಶ್ನೆಗಳಿವೆ. ನೆರೆಯ ನೇಪಾಳದಲ್ಲಿ 2006ರ ನವೆಂಬರಿನಲ್ಲಿ ಆದ ಸಮಗ್ರ ಶಾಂತಿ ಒಪ್ಪಂದವು ಸಂಘರ್ಷದ ಕಾಲದಲ್ಲಿ ವಶಪಡಿಸಿಕೊಂಡ ಆಸ್ತಿಗಳನ್ನು ಹಿಂದಿರುಗಿಸಬೇಕೆಂದು ವಿಧಿಸಿತು. ಹೋರಾಟಗಾರರನ್ನು ಸೇನೆಯೊಳಗೆ ಸೇರಿಸಿಕೊಳ್ಳುವ ವಿಷಯ ಇತ್ಯರ್ಥವಾಗಲು ಹಲವು ವರ್ಷಗಳೇ ಹಿಡಿದವು. ಅಧಿಕಾರ ಯಾರದ್ದು, ಕಳೆದುಕೊಂಡವರಿಗೆ ಏನು ಮರಳುತ್ತದೆ, ಆಯುಧ ಹಿಡಿದವರನ್ನು ಎಲ್ಲಿ ಇರಿಸುವುದು, ನೆರೆಯವನೊಡನೆ ಹೇಗೆ ಬಾಳುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಏಳನೆಯ ಶತಮಾನದ ವಾತಾಪಿ ತನ್ನದೇ ರೀತಿಯಲ್ಲಿ ಉತ್ತರ ಹುಡುಕಿತ್ತು. ಮೊದಲ ಮೂರರಲ್ಲಿ ಅದು ಬಹುಮಟ್ಟಿಗೆ ಯಶಸ್ಸು ಕಂಡಿತು. ನಾಲ್ಕನೆಯದಕ್ಕೆ ಕಾಂಚಿಯ ಕಂಬದ ಮೇಲೆ ಉತ್ತರ ದೊರೆತರೂ ಅದು ತಡವಾಗಿತ್ತು.

ಮುಖ್ಯ ಘಟನೆಗಳು

543: ಒಂದನೆಯ ಪುಲಕೇಶಿಯಿಂದ ವಾತಾಪಿ ಕೋಟೆಯ ನಿರ್ಮಾಣ.
634-35: ಐಹೊಳೆಯ ಮೇಗುಟಿ ಶಾಸನ.
642: ಪಲ್ಲವರಿಂದ ವಾತಾಪಿಯ ಪತನ.
654-55: ಒಂದನೆಯ ವಿಕ್ರಮಾದಿತ್ಯನ ಆಳ್ವಿಕೆಯ ಆರಂಭ.
674: ಕಾವೇರಿ ತೀರದಿಂದ ಗದ್ವಾಲ ತಾಮ್ರಪಟ.
696: ವಿಜಯಾದಿತ್ಯನ ಪಟ್ಟಾಭಿಷೇಕ.
699: ಬಾದಾಮಿಯ ಜಂಬುಲಿಂಗೇಶ್ವರ ಶಾಸನ.
753-54: ದಂತಿದುರ್ಗನ ಸಾಮನಗಡ ತಾಮ್ರಪಟ.
757: ವಕ್ಕಲೇರಿ ತಾಮ್ರಪಟ.

ನೋಡಬಯಸುವವರಿಗೆ

ಬಾದಾಮಿಯು ಗದಗ-ಬಾಗಲಕೋಟೆ ರೈಲು ಮಾರ್ಗದಲ್ಲಿದೆ. ಅಗಸ್ತ್ಯತೀರ್ಥದ ಉತ್ತರದ ಗುಡ್ಡದಲ್ಲಿ ಕೋಟೆ ಮತ್ತು ಶಿವಾಲಯಗಳು, ದಕ್ಷಿಣದ ಗುಡ್ಡದಲ್ಲಿ ಗುಹಾದೇವಾಲಯಗಳು ಇವೆ. ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಮಲಪ್ರಭಾ ನದಿಯ ದಡದಲ್ಲಿದ್ದು, ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದಲ್ಲಿದೆ. ಇಳಕಲ್ ಕಡೆಯಿಂದ ಬರುವವರು ಹುನಗುಂದ, ಅಮೀನಗಡ ಮಾರ್ಗವಾಗಿ ಐಹೊಳೆ ತಲುಪಬಹುದು. ಮೇಗುಟಿ ಗುಡ್ಡವನ್ನೇರಿ ಪುಲಕೇಶಿಯ ದಿಗ್ವಿಜಯದ ಶಾಸನವನ್ನು ನೋಡಿ ಬಂದವರು, ಬಾದಾಮಿಯ ಜಂಬುಲಿಂಗೇಶ್ವರ ದೇವಾಲಯವನ್ನೂ ತಪ್ಪದೇ ನೋಡಬೇಕು. ಮೊದಲನೆಯದು ರಾಜ್ಯದ ಉತ್ಕರ್ಷವನ್ನು ಹೇಳಿದರೆ, ಎರಡನೆಯದು ಪೆಟ್ಟು ತಿಂದ ನಗರ ಚೇತರಿಸಿಕೊಂಡುದನ್ನು ಹೇಳುತ್ತದೆ.